ಹೊಸ ಕಾಯಿಗೊಂದು ನಡೆ

ಕುದುರೆಯೊಂದು ಕಳೆದುಹೋದ ಚದುರಂಗದ ಪೆಟ್ಟಿಗೆ ಮನೆಯಲ್ಲಿದ್ದರೆ ಗುಜರಿಗೆ ಹಾಕಬೇಡಿ. ಕಳೆದ ಕುದುರೆಯ ಮನೆಯಲ್ಲಿ ಅಂಗಿಯ ಗುಂಡಿಯನ್ನೋ ಬಾಟಲಿಯ ಮುಚ್ಚಳವನ್ನೋ ಇಡಿ. ಆ ಗುಂಡಿ ಕುದುರೆಯಂತೆಯೇ ನೆಗೆಯಬೇಕೆಂದಿಲ್ಲ. ಅದು ಎಲ್ಲಿಗೆ ಹೋಗಬಹುದು, ಎಲ್ಲಿಗೆ ಹೋಗಬಾರದು, ಎದುರಾಳಿಯ ಕಾಯಿಯನ್ನು ಹೇಗೆ ಹೊಡೆಯಬೇಕು ಎಂಬುದನ್ನು ನೀವೇ ಗೊತ್ತುಮಾಡಿ. ಅದೇ ನಿಯಮದ ಇನ್ನೊಂದು ಗುಂಡಿಯನ್ನು ಎದುರಾಳಿಗೂ ಕೊಟ್ಟು ಆಡಿ. ಹತ್ತು ನಡೆ ಮುಗಿಯುವುದರೊಳಗೆ ನಿಮ್ಮ ಕಾಯಿ ಸತ್ತದ್ದೋ ಜೀವಂತವೋ ಎಂಬ ಸುಳಿವು ಸಿಗುತ್ತದೆ.

ಈ ಲೇಖನ ಅಂಥ ಕಾಯಿಗಳನ್ನು ಕಟ್ಟುವ ಕೆಲಸದ ಬಗ್ಗೆ. ಕೊಯಮತ್ತೂರಿನ ಅಂಚಿನ ಮದುಕ್ಕರೈಯಲ್ಲಿ ಕಣ್ಣಿಗೆ ಬೀಳುವ ವಸ್ತುಗಳಿಂದಲೇ ಎರಡು ಮೂರು ಕಾಯಿಗಳನ್ನು ಕಟ್ಟಿ ತೋರಿಸುತ್ತೇನೆ. ಹೆಸರುಗಳ ಗೊಂದಲ ಬೇಡ: ಇಲ್ಲಿ ‘ಆನೆ’ ಎಂದರೆ ಮೂಲೆಯಲ್ಲಿ ನಿಂತು ನೇರ ಸಾಲಿನಲ್ಲಿ ಓಡುವ ಕಾಯಿ, ‘ಒಂಟೆ’ ಎಂದರೆ ಓರೆಯಾಗಿ ಓಡುವ ಕಾಯಿ, ‘ಮಂತ್ರಿ’ ಎಂದರೆ ಎಂಟೂ ದಿಕ್ಕಿಗೆ ಓಡುವ ಕಾಯಿ, ‘ಕಾಲಾಳು’ ಎಂದರೆ ಮುಂದಿನ ಸಾಲಿನ ಸೈನಿಕ.

ಹಳೆಯ ನಿಯಮಗಳನ್ನು ಮುಟ್ಟುವುದು ಆಟಕ್ಕೆ ಮಾಡುವ ಅಪಚಾರ ಎಂದು ನೊಂದುಕೊಳ್ಳುವವರಿದ್ದಾರೆ. ಅವರಿಗೆ ಒಂದು ಮಾತು. ಇವತ್ತು ಹಲಗೆಯನ್ನೇ ಆಳುವ ಮಂತ್ರಿ ಶತಮಾನಗಳ ಕಾಲ ಓರೆಯಾಗಿ ಒಂದೇ ಮನೆ ಸರಿಯುತ್ತಿದ್ದ ದುರ್ಬಲ ಕಾಯಿ. ಒಂಟೆಯ ಜಾಗದಲ್ಲಿದ್ದ ಕಾಯಿ ಓರೆಯಾಗಿ ಎರಡನೇ ಮನೆಗೆ ಮಾತ್ರ ಜಿಗಿಯುತ್ತಿತ್ತು. 15ನೇ ಶತಮಾನದ ಕೊನೆಯ ದಶಕಗಳಲ್ಲಿ, ಸ್ಪೇನಿನ ವೆಲೆನ್ಸಿಯದ ಸುತ್ತಮುತ್ತ, ಎರಡಕ್ಕೂ ಒಟ್ಟೊಟ್ಟಿಗೆ ಉದ್ದ ಓಟ ಸಿಕ್ಕಿತು. ಅದಕ್ಕೆ ಮೊದಲು ಸೈನ್ಯಗಳು ಎದುರುಬದುರಾಗಲು ಎಷ್ಟು ಹೊತ್ತು ಹಿಡಿಯುತ್ತಿತ್ತೆಂದರೆ, ಅರಬ್ ಆಟಗಾರರು ಆರಂಭದ ಜೋಡಣೆಗಳನ್ನು ಬಾಯಿಪಾಠ ಮಾಡಿಕೊಂಡು ಬೇಗ ಬೇಗ ಇಟ್ಟುಬಿಡುತ್ತಿದ್ದರು. ನಾವು ‘ನಿಜವಾದ’ ಚದುರಂಗ ಎನ್ನುವುದು ಹಾಗೆ ಗೆದ್ದು ಉಳಿದ ಒಂದು ಹೊಸ ಪ್ರಯೋಗವೇ.

ನಮ್ಮ ಕಡೆಯ ಅರಸರಿಗೂ ಈ ಹಲಗೆಯ ಗೀಳು ಇತ್ತು. ಕಲ್ಯಾಣದಿಂದ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರ 12ನೇ ಶತಮಾನದ ತನ್ನ ‘ಮಾನಸೋಲ್ಲಾಸ’ದಲ್ಲಿ ಚದುರಂಗವನ್ನು ರಾಜವಿನೋದಗಳ ಸಾಲಿಗೆ ಸೇರಿಸಿ ವಿವರಿಸಿದ್ದಾನೆ. ಅದಕ್ಕಿಂತ ನಮಗೆ ಹತ್ತಿರದವರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಮೈಸೂರಿನ ಕೈಯಲ್ಲಿದ್ದ ಕೊಯಮತ್ತೂರು ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ಅದೇ ವರ್ಷ ಐದು ವರ್ಷದ ಮುಮ್ಮಡಿಗಳು ಸಿಂಹಾಸನ ಏರಿದರು. 1831ರಲ್ಲಿ ಕಂಪನಿ ಆಡಳಿತವನ್ನೂ ಕಿತ್ತುಕೊಂಡಿತು. ಆಮೇಲೆ 1868ರಲ್ಲಿ ತೀರಿಕೊಳ್ಳುವವರೆಗೆ ಅವರ ಮನಸ್ಸು ಸಾಹಿತ್ಯ, ಚಿತ್ರ ಮತ್ತು ಆಟಗಳಲ್ಲಿ ನೆಟ್ಟಿತ್ತು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿ ಆಟಗಳಿಗೇ ಮೀಸಲು. ದಶಾವತಾರ ಗಂಜೀಫ ಎಂಬ ಎಲೆಯಾಟದ 120 ಎಲೆ ಅವರಿಗೆ ಸಾಲದೆ 360 ಎಲೆಗಳ ಕೃಷ್ಣರಾಜ ಚದವನ್ನೇ ಕಟ್ಟಿದರು. ಕುದುರೆಯೊಂದು ಹಲಗೆಯ ಎಲ್ಲ ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಬರುವ ಬಂಧಗಳನ್ನು ಮತ್ತೆ ಮತ್ತೆ ರಚಿಸಿದರು. ಕುದುರೆ ನಡೆಯ ಈ ಬಂಧವನ್ನು ಬರಿಯ ಚಮತ್ಕಾರ ಎಂದು ತಳ್ಳಿಹಾಕುವವರ ಜೊತೆ ನಾನು ಸೇರುವುದಿಲ್ಲ. ಹೊಸ ಕಾಯಿಯನ್ನು ಪರೀಕ್ಷಿಸಲು ಅದು ಎಷ್ಟು ಒಳ್ಳೆಯ ಸಲಕರಣೆ ಎಂಬುದು ಮುಂದೆ ಗೊತ್ತಾಗುತ್ತದೆ.

ಜಿಗಿತ, ಓಟ, ದಾಟು

ಕಾಯಿಯ ನಡಿಗೆಗೆ ಮುಖ್ಯವಾಗಿ ಮೂರು ಬಗೆ. ಒಂದು ಜಿಗಿತ: ಕುದುರೆಯಂತೆ ನಡುವೆ ಯಾರಿದ್ದರೂ ಲೆಕ್ಕಿಸದೆ ಗೊತ್ತಾದ ಮನೆಗೆ ಹಾರುವುದು. ಎರಡು ಓಟ: ಆನೆ, ಒಂಟೆಗಳಂತೆ ದಾರಿ ತೆರವಿರುವಷ್ಟು ದೂರ ಸಾಗುವುದು. ಮೂರು ದಾಟು: ನಡುವೆ ಇನ್ನೊಂದು ಕಾಯಿ ಇದ್ದರೆ ಮಾತ್ರ ಅದನ್ನು ದಾಟಿ ಹೋಗುವುದು.

ಮೂರನೆಯದು ನಮ್ಮ ಚದುರಂಗದಲ್ಲಿ ಇಲ್ಲ. ಚೀನೀ ಚದುರಂಗದ ಫಿರಂಗಿ ಅದಕ್ಕೆ ಒಳ್ಳೆಯ ಮಾದರಿ. ಸುಮ್ಮನೆ ನಡೆಯುವಾಗ ಅದು ನಮ್ಮ ಆನೆಯೇ. ಹೊಡೆಯಬೇಕಾದರೆ ಮಾತ್ರ ತನಗೂ ಗುರಿಗೂ ನಡುವೆ ಸರಿಯಾಗಿ ಒಂದು ಕಾಯಿ ಇರಬೇಕು, ಅದು ಯಾರದ್ದಾದರೂ ಸರಿ. ಆಟದ ಮೊದಲಲ್ಲಿ ಹಲಗೆ ತುಂಬ ಕಾಯಿಗಳಿದ್ದಾಗ ಫಿರಂಗಿಗೆ ಬಲ. ಕಾಯಿಗಳು ಕರಗುತ್ತ ಹೋದಂತೆ ದಾಟಲು ಆಸರೆ ಸಿಗದೆ ಸೊರಗುತ್ತದೆ. ಇಂಗ್ಲೆಂಡಿನ ಥಾಮಸ್ ರೇನರ್ ಡಾಸನ್ (1889–1951) ಇದೇ ಜಾತಿಯ ಇನ್ನೊಂದು ಕಾಯಿ ಕಟ್ಟಿದ: ಮಿಡತೆ. ಅದು ಮಂತ್ರಿಯ ಎಂಟು ದಿಕ್ಕುಗಳಲ್ಲಿ ಯಾವುದರಲ್ಲಾದರೂ ಸಿಗುವ ಮೊದಲ ಕಾಯಿಯನ್ನು ದಾಟಿ ಅದರ ಬೆನ್ನ ಹಿಂದಿನ ಮನೆಯಲ್ಲೇ ಇಳಿಯಬೇಕು. ದಾಟಲು ಯಾರೂ ಇಲ್ಲವೆಂದರೆ ಕದಲುವಂತಿಲ್ಲ. 1913ರಿಂದ ಈಚೆಗೆ ಮಿಡತೆಯನ್ನಿಟ್ಟು ಹೆಣೆದ ಚದುರಂಗ ಸಮಸ್ಯೆಗಳು ಬಹಳಷ್ಟಿವೆ. ಒಂದು ವಾಕ್ಯದ ನಿಯಮದಿಂದ ಅಷ್ಟು ಹುಟ್ಟಿಕೊಂಡಿತು.

ಹೊಸ ಕಾಯಿ ಕಟ್ಟುವವರಿಗೆ ನನ್ನ ಮೊದಲ ಸಲಹೆಯೂ ಇದೇ. ನಿಯಮ ಒಂದು ವಾಕ್ಯದಲ್ಲಿ ಮುಗಿಯಬೇಕು, ಕೇಳಿದ ಹತ್ತು ವರ್ಷದ ಮಗು ಮರುಪ್ರಶ್ನೆಯಿಲ್ಲದೆ ಕಾಯಿ ನಡೆಸಬೇಕು. ‘ಆದರೆ’, ‘ಇಲ್ಲದಿದ್ದರೆ’ ಎಂದು ವಾಕ್ಯ ಬೆಳೆಯತೊಡಗಿದರೆ ಕಾಯಿಯಲ್ಲೇ ಎಲ್ಲೋ ದೋಷವಿದೆ.

ಲೆಕ್ಕ ಹಾಕುವುದು

ಕಾಯಿ ಎಷ್ಟು ಚುರುಕು ಎಂದು ಆಡುವ ಮೊದಲೇ ಅಂದಾಜು ಮಾಡಬಹುದು. ಖಾಲಿ ಹಲಗೆಯ ಒಂದೊಂದು ಮನೆಯಲ್ಲೂ ಕಾಯಿಯನ್ನು ಇಟ್ಟು, ಅಲ್ಲಿಂದ ಎಷ್ಟು ಮನೆಗೆ ಹೋಗಬಹುದೆಂದು ಎಣಿಸಿ, ಎಲ್ಲ ಕೂಡಿಸಿ 64ರಿಂದ ಭಾಗಿಸಿದರೆ ಸರಾಸರಿ ಸಿಗುತ್ತದೆ. ಜಿಗಿಯುವ ಕಾಯಿಗಳಿಗೆ ಒಂದು ಅಡ್ಡದಾರಿಯಿದೆ. ಕುದುರೆ ಒಂದು ಕಡೆಗೆ 1, ಇನ್ನೊಂದು ಕಡೆಗೆ 2 ಮನೆ ಜಿಗಿಯುತ್ತದೆ. 8ರಿಂದ 1 ಕಳೆದರೆ 7, 8ರಿಂದ 2 ಕಳೆದರೆ 6, ಗುಣಿಸಿದರೆ 42. ಕುದುರೆಗೆ ಎಂಟು ದಿಕ್ಕು, ಆದ್ದರಿಂದ 336. ಅದನ್ನು 64ರಿಂದ ಭಾಗಿಸಿದರೆ 5.25. ಇದೇ ಬಗೆಯಲ್ಲಿ 1-3 ಜಿಗಿತದ ಕಾಯಿಗೆ 4.375, 2-3 ಜಿಗಿತಕ್ಕೆ 3.75. ಮಂತ್ರಿಗೆ 22.75, ಆನೆಗೆ 14, ಒಂಟೆಗೆ 8.75, ರಾಜನಿಗೆ 6.56. ಒಂದು ವಿಷಯ ಗಮನಿಸಿ: ಜಿಗಿತ ಉದ್ದವಾದಷ್ಟೂ ಸರಾಸರಿ ಇಳಿಯುತ್ತದೆ. ದೂರ ಹಾರುವ ಕಾಯಿ ಬಲಶಾಲಿ ಎಂದು ಕಾಗದದ ಮೇಲೆ ಅನ್ನಿಸುತ್ತದೆ, ಹಲಗೆಯ ಮೇಲೆ ಅದು ಅರ್ಧ ಸಮಯ ಹೊರಗೆ ಬೀಳುತ್ತದೆ.

ಎರಡನೆಯ ಪರೀಕ್ಷೆ, ಅದು ಎಲ್ಲೆಲ್ಲಿಗೆ ತಲುಪಬಲ್ಲುದು ಎಂಬುದು. ಕುದುರೆ 64 ಮನೆಗಳನ್ನೂ ಮುಟ್ಟುತ್ತದೆ. 1-3 ಜಿಗಿತದ ಕಾಯಿ ಎಷ್ಟು ಹಾರಿದರೂ ಒಂದೇ ಬಣ್ಣದ 32 ಮನೆಗಳಲ್ಲೇ ಸುತ್ತುತ್ತದೆ. ನೇರವಾಗಿ ಎರಡು ಮನೆ ಹಾರುವ ಕಾಯಿಗೆ 16 ಮನೆ. ಒಂಟೆಯ ಪೂರ್ವಜನಾದ, ಓರೆಯಾಗಿ ಎರಡು ಹಾರುತ್ತಿದ್ದ ಕಾಯಿಗಂತೂ ಇಡೀ ಹಲಗೆಯಲ್ಲಿ ಬರೀ ಎಂಟು ಮನೆ. ಹಾಗಾಗಿ ಹಳೆಯ ಆಟದಲ್ಲಿ ಎರಡು ಪಕ್ಷಗಳ ಈ ಕಾಯಿಗಳು ಜೀವಮಾನದಲ್ಲಿ ಒಂದನ್ನೊಂದು ಹೊಡೆಯುವಂತಿರಲಿಲ್ಲ. ಪೂರ್ವಿಕರ ಬಂಧಗಳು ಕೆಲಸಕ್ಕೆ ಬರುವುದು ಇಲ್ಲಿಯೇ. 9ನೇ ಶತಮಾನದ ಕಾಶ್ಮೀರದ ರುದ್ರಟ ‘ಕಾವ್ಯಾಲಂಕಾರ’ದಲ್ಲಿ ಕುದುರೆಗೆ ಮಾತ್ರವಲ್ಲ, ರಥಕ್ಕೂ ಗಜಕ್ಕೂ ಇಂಥ ಪದ್ಯಬಂಧ ಕೊಟ್ಟಿದ್ದಾನೆ. ವೇದಾಂತ ದೇಶಿಕರು ‘ಪಾದುಕಾಸಹಸ್ರ’ದಲ್ಲಿ 32 ಅಕ್ಷರಗಳ ಶ್ಲೋಕವೊಂದರ ಅಕ್ಷರಗಳನ್ನು ಕುದುರೆಯ ನಡೆಯಲ್ಲಿ ಓದಿದರೆ ಇನ್ನೊಂದು ಶ್ಲೋಕ ಬರುವಂತೆ ಹೆಣೆದರು. ನಿಮ್ಮ ಕಾಯಿಯನ್ನೂ ಹೀಗೆ ಓಡಿಸಿ ನೋಡಿ: ಪುಟ್ಟ ಹಲಗೆಯಲ್ಲಿ, ಸೀಸದಕಡ್ಡಿಯಲ್ಲಿ 1, 2, 3 ಎಂದು ಬರೆಯುತ್ತ. ಕಾಯಿ ಎಲ್ಲಿ ಸಿಕ್ಕಿಬೀಳುತ್ತದೆ, ಯಾವ ಮೂಲೆಗೆ ಹೋಗಲಾರದು ಎಂಬುದು ಬೆರಳಿಗೇ ತಿಳಿಯುತ್ತದೆ.

ಲೆಕ್ಕ ಎಲ್ಲವನ್ನೂ ಹೇಳುವುದಿಲ್ಲ. ಒಂಟೆಯನ್ನೂ ಕುದುರೆಯನ್ನೂ ಒಂದೇ ಕಾಯಿಯಲ್ಲಿ ಕೂಡಿಸಿದರೆ ಸರಾಸರಿ 14, ಥೇಟ್ ಆನೆಯಷ್ಟೇ. ಆದರೆ ಆಡಿ ನೋಡಿದ ಅನೇಕರು ಈ ಜೋಡಿ ಕಾಯಿಗೆ ಆನೆಗಿಂತ ಬಹಳ ಹೆಚ್ಚು ಬೆಲೆ ಕಟ್ಟುತ್ತಾರೆ. ಒಂಟೆಗಿದ್ದ ಬಣ್ಣದ ಬೇಲಿ ಕುದುರೆಯ ಜಿಗಿತದಿಂದ ಒಡೆದುಹೋಗುತ್ತದೆ, ಕುದುರೆಗಿಲ್ಲದ ದೂರ ಒಂಟೆಯಿಂದ ಬರುತ್ತದೆ. ಇಟಲಿಯ ಪಿಯೆತ್ರೋ ಕರೇರಾ 1617ರಲ್ಲೇ ಈ ಕಾಯಿಯನ್ನೂ ಆನೆ-ಕುದುರೆಯ ಜೋಡಿಯನ್ನೂ ಸೂಚಿಸಿದ್ದ. 1920ರ ದಶಕದಲ್ಲಿ ಚದುರಂಗದ ವಿಶ್ವ ಚಾಂಪಿಯನ್ ಆಗಿದ್ದ ಕಪಬ್ಲಾಂಕ ಅದೇ ಎರಡನ್ನು 80 ಮನೆಯ ಹಲಗೆಗೆ ತಂದರು. 2007ರಲ್ಲಿ ಯಾಸರ್ ಸೇರವಾನ್ ಮತ್ತು ಬ್ರೂಸ್ ಹಾರ್ಪರ್ ಅವನ್ನೇ ಸಾಮಾನ್ಯ ಹಲಗೆಗೆ ಇಳಿಸಿದರು. ಕೆಲಸಕ್ಕೆ ಬರುವ ಕಾಯಿಗಳು, ಒಪ್ಪುತ್ತೇನೆ. ಆದರೂ ಎರಡು ಕಾಯಿ ಕೂಡಿಸುವುದು ಎಲ್ಲಕ್ಕಿಂತ ಸುಲಭದ ದಾರಿ. ನಾಲ್ಕು ಶತಮಾನ ಜನ ಅಲ್ಲಿಗೇ ಬಂದು ನಿಂತದ್ದೂ ಅದಕ್ಕೇ. ಮಂತ್ರಿಗೆ ಕುದುರೆಯನ್ನೂ ಸೇರಿಸಿದರೆ ಯಾರ ನೆರವೂ ಇಲ್ಲದೆ ಒಂಟಿಯಾಗಿ ಮಾತ್ ಮಾಡಬಲ್ಲ ಕಾಯಿ ಸಿಗುತ್ತದೆ. ಆಮೇಲೆ ಉಳಿದ ಕಾಯಿಗಳಿಗೆ ಹಲಗೆಯಲ್ಲಿ ಏನು ಕೆಲಸ? ಆಟದಲ್ಲಿ ಯೋಚನೆ ಹುಟ್ಟುವುದು ಕಾಯಿಗೆ ಏನೋ ಒಂದು ಆಗದು ಎಂಬಲ್ಲಿಂದ. ಕಾಲಾಳು ಹಿಂದೆ ಬರಲಾರದು, ಒಂಟೆ ಬಣ್ಣ ಬದಲಿಸಲಾರದು, ಕುದುರೆ ಪಕ್ಕದ ಮನೆಯನ್ನು ಮುಟ್ಟಲಾರದು. ಕಾಯಿ ಕಟ್ಟುವಾಗ ಅದಕ್ಕೆ ಏನು ಕೊಡಬೇಕು ಎಂಬುದಕ್ಕಿಂತ ಏನನ್ನು ಕೊಡಬಾರದು ಎಂದು ಹೆಚ್ಚು ಹೊತ್ತು ಯೋಚಿಸಿ.

ಮದುಕ್ಕರೈಯ ಎರಡು ಕಾಯಿ

ಮದುಕ್ಕರೈಯಿಂದ ಪಾಲಕ್ಕಾಡಿನ ಕಡೆಗೆ ವಾಳಯಾರ್ ಗಡಿ ದಾಟುವ ರೈಲು ಮಾರ್ಗ ಕಾಡಿನ ಅಂಚಿನಲ್ಲಿ ಎರಡು ಹಳಿಗಳಾಗಿ ಹರಿಯುತ್ತದೆ. ಅದನ್ನು ಅಡ್ಡಹಾಯುವುದು ಪಶ್ಚಿಮಘಟ್ಟದ ಆನೆಗಳ ದಾರಿ. 2021ರ ನವೆಂಬರ್‌ನಲ್ಲಿ ನವಕ್ಕರೈ ಬಳಿ ಒಂದೇ ರಾತ್ರಿ ಮೂರು ಆನೆಗಳು ರೈಲಿಗೆ ಸಿಕ್ಕಿ ಸತ್ತವು. 2024ರ ಮೊದಲಲ್ಲಿ ತಮಿಳುನಾಡು ಅರಣ್ಯ ಇಲಾಖೆ ಇಲ್ಲಿ ಗೋಪುರಗಳ ಮೇಲೆ ಕ್ಯಾಮೆರಾ ಇಟ್ಟು, ಆನೆ ಹಳಿಯ ಹತ್ತಿರ ಬಂದರೆ ಎಚ್ಚರಿಸುವ ಕೃತಕ ಬುದ್ಧಿಮತ್ತೆಯ ವ್ಯವಸ್ಥೆ ಆರಂಭಿಸಿತು. ತಪ್ಪಿಸಿಕೊಳ್ಳಲು ರೈಲಿಗೆ ಪಕ್ಕಕ್ಕೆ ಸರಿಯುವ ದಾರಿಯಿಲ್ಲ. ಆನೆಗೆ ಹಿಂದಕ್ಕೆ ಓಡುವ ಹೊತ್ತಿಲ್ಲ. ಈ ಎರಡು ಮಿತಿಗಳಿಂದ ಎರಡು ಕಾಯಿ ಕಟ್ಟೋಣ.

ರೈಲು: ಅಡ್ಡಸಾಲಿನಲ್ಲಿ ದಾರಿ ತೆರವಿರುವಷ್ಟು ದೂರ ಓಡುತ್ತದೆ, ಮುಂದಕ್ಕೆ ಅಥವಾ ಹಿಂದಕ್ಕೆ ಒಂದೇ ಮನೆ ಸರಿಯುತ್ತದೆ. ಇಷ್ಟೇ ನಿಯಮ. ಜಪಾನಿನ ಹಳೆಯ ಚೂ ಶೋಗಿಯಲ್ಲಿ ಇದೇ ನಡೆಯ ಕಾಯಿಯೊಂದಿದೆ. ನಾವು ಕಟ್ಟಿದ್ದು ಮೊದಲೇ ಇನ್ನೆಲ್ಲೋ ಇತ್ತು ಎಂದು ತಿಳಿದಾಗ ಬೇಸರಪಡಬೇಡಿ, ಅದು ಆಡಿ ಉಳಿದ ಕಾಯಿ ಎಂಬ ಭರವಸೆ ಎಂದು ತಿಳಿಯಿರಿ. ಲೆಕ್ಕ ನೋಡಿ: ಅಡ್ಡಕ್ಕೆ ಎಲ್ಲಿಂದಲೂ 7 ಮನೆ, ಮೇಲೆ ಕೆಳಗೆ ಸರಾಸರಿ 1.75, ಒಟ್ಟು 8.75. ಒಂಟೆಗೂ ಅಷ್ಟೇ! ಆದರೆ ರೈಲಿಗೆ ಬಣ್ಣದ ಬೇಲಿಯಿಲ್ಲ. ಕೊನೆಯಾಟದಲ್ಲಿ ರೈಲೊಂದು ತನ್ನ ರಾಜನ ಜೊತೆ ಸೇರಿ ಒಂಟಿ ರಾಜನನ್ನು ಸಾಲು ಸಾಲಾಗಿ ಮೇಲಕ್ಕೆ ತಳ್ಳಿ ಕೊನೆಯ ಸಾಲಿನಲ್ಲಿ ಮಾತ್ ಮಾಡಬಲ್ಲುದು. ಒಂದೇ ಒಂಟೆಯಿಂದ ಅದು ಸಾಧ್ಯವಿಲ್ಲ. ಲೆಕ್ಕ ಒಂದೇ ಇದ್ದರೂ ಸ್ವಭಾವ ಬೇರೆ.

ಹಾಗಾದರೆ ಇದನ್ನು ಒಂಟೆಯ ಜಾಗದಲ್ಲಿ ನಿಲ್ಲಿಸೋಣವೇ? ಇಲ್ಲಿ ತಾಳ್ಮೆಯಿಂದ ನೋಡಬೇಕು. ಆರಂಭದ ಜೋಡಣೆಯಲ್ಲಿ ಪ್ರತಿ ಕಾಲಾಳುವಿಗೂ ಹಿಂದಿನ ಸಾಲಿನ ಯಾರಾದರೊಬ್ಬರ ಕಾವಲಿದೆ. ಎರಡೂ ಕುದುರೆಗಳ ಮುಂದಿನ ಕಾಲಾಳುಗಳನ್ನು ಕಾಯುವುದು ಒಂಟೆಗಳು ಮಾತ್ರ. ಒಂಟೆ ತೆಗೆದು ರೈಲು ಇಟ್ಟರೆ ಆ ಎರಡು ಕಾಲಾಳುಗಳು ಆಟದ ಮೊದಲಿಂದಲೇ ಅನಾಥ. ಅದೇ ಮೂಲೆಯ ಆನೆಗಳನ್ನು ತೆಗೆದು ರೈಲು ಇಟ್ಟರೆ, ಮೂಲೆಯ ಕಾಲಾಳುವನ್ನು ರೈಲು ಒಂದು ಮನೆ ಮುಂದಿನ ನಡೆಯಿಂದ ಕಾಯುತ್ತದೆ, ರಾಜನ ಕೋಟೆ ಕಟ್ಟುವ ನಡೆಗೂ ಅಡ್ಡಿಯಿಲ್ಲ. ಆದ್ದರಿಂದ ರೈಲಿನ ನಿಲ್ದಾಣ ಮೂಲೆಯೇ. ಮೂಲೆಯ ಕಾಲಾಳುವನ್ನು ಎರಡು ಮನೆ ನಡೆಸಿ, ರೈಲನ್ನು ಮೂರನೆಯ ಅಡ್ಡಸಾಲಿಗೆ ಏರಿಸಿ ಅಲ್ಲಿಂದ ಓಡಿಸುವುದು ಅದರ ಸಹಜ ಆರಂಭ. ಆ ಸಾಲನ್ನು ತೆರವಾಗಿಡಬೇಕಾದ್ದರಿಂದ ಕುದುರೆಗಳನ್ನು ಎಲ್ಲಿ ನಿಲ್ಲಿಸಬೇಕೆಂಬ ಯೋಚನೆಯೇ ಬದಲಾಗುತ್ತದೆ. ಹೊಸ ಕಾಯಿ ಹಳೆಯ ಕಾಯಿಗಳ ಬದುಕನ್ನೂ ಬದಲಿಸಿದರೆ ಅದು ಒಳ್ಳೆಯ ಲಕ್ಷಣ.

ಸೊಂಡಿಲಾನೆ: ನಾಲ್ಕು ಓರೆ ದಿಕ್ಕುಗಳಿಗೆ ಅಥವಾ ನೇರ ಮುಂದಕ್ಕೆ, ಯಾವುದಾದರೂ ಒಂದು ಮನೆ. ಆನೆಯ ಮಿತಿಗೆ ಹೊಂದುವ ಈ ಕಾಯಿ ನಾನು ಹೊಸದಾಗಿ ಕಟ್ಟಿದ್ದಲ್ಲ. ಸುಮಾರು 1030ರಲ್ಲಿ ಅಲ್ ಬಿರೂನಿ ಭಾರತದ ನಾಲ್ವರ ಚದುರಂಗವನ್ನು ವಿವರಿಸುತ್ತ ಆನೆಗೆ ಈ ಐದು ಮನೆಗಳನ್ನು ಹೇಳಿದ್ದಾನೆ, ಅವು ಆನೆಯ ನಾಲ್ಕು ಕಾಲು ಮತ್ತು ಒಂದು ಸೊಂಡಿಲು ಎಂಬ ವಿವರಣೆಯನ್ನೂ ಕೊಟ್ಟಿದ್ದಾನೆ. ಕಾಯಿಯ ನಡೆಗೂ ಅದರ ಮೈಗೂ ಇಷ್ಟು ಚೆನ್ನಾಗಿ ಹೊಂದಿಸಿದ ಇನ್ನೊಂದು ಉದಾಹರಣೆ ನನಗೆ ನೆನಪಿಲ್ಲ. ಭಾರತದಲ್ಲಿ ಆ ನಡೆ ಮರೆಯಾಯಿತು. ಬರ್ಮಾದ ಸಿಟ್ಟುಯಿನ್‌ನಲ್ಲಿ, ಥಾಯ್ಲೆಂಡಿನ ಮಕ್ರುಕ್‌ನಲ್ಲಿ, ಜಪಾನಿನ ಶೋಗಿಯಲ್ಲಿ ಇವತ್ತಿಗೂ ಜೀವಂತವಾಗಿದೆ. ಇದರ ಸರಾಸರಿ 3.94 ಮಾತ್ರ. ಒಂಟೆಯ ಜಾಗದಲ್ಲಿ ಇದನ್ನು ನಿಲ್ಲಿಸಿದರೆ ಮುಂದಿನ ಮೂರು ಕಾಲಾಳುಗಳನ್ನೂ ಕಾಯುತ್ತದೆ, ಯಾರೂ ಅನಾಥರಾಗುವುದಿಲ್ಲ. ಮೂಲೆಯಲ್ಲಿ ರೈಲು, ಒಂಟೆಯ ಜಾಗದಲ್ಲಿ ಸೊಂಡಿಲಾನೆ, ಉಳಿದವು ಎಂದಿನಂತೆ. ಆಟ ನಿಧಾನವಾಗುತ್ತದೆ, ಆದರೆ ಮಂದವಾಗುವುದಿಲ್ಲ: ಮುಂದೆ ಹೋದ ಸೊಂಡಿಲಾನೆ ನೇರ ಹಿಂದಕ್ಕೆ ಸರಿಯಲಾರದು, ಓರೆಯಾಗಿಯೇ ಹಿಂಜರಿಯಬೇಕು. ಅದು ಮುಂದೆ ಹೆಜ್ಜೆ ಇಡುವ ಮೊದಲು ಹಿಂದಿನ ಎರಡು ಓರೆಮನೆಗಳು ತೆರವಿವೆಯೇ ಎಂದು ನೋಡುವ ಅಭ್ಯಾಸ ತಾನಾಗಿ ಬೆಳೆಯುತ್ತದೆ.

ಆಡಿಯೇ ನೋಡಬೇಕು

ಕಾಗದದ ಕೆಲಸ ಮುಗಿದ ಮೇಲೆ ಮೊದಲು ಮಾಡಬೇಕಾದ್ದು, ಎಲ್ಲ ಕಾಯಿಗಳೂ ಮನೆಯಲ್ಲಿರುವಾಗಲೇ ಹೊಸ ಕಾಯಿ ಎಲ್ಲಿಗೆ ಕಣ್ಣು ಹಾಕಿದೆ ಎಂದು ನೋಡುವುದು. ಡಾಸನ್‌ನ ಇನ್ನೊಂದು ಪ್ರಸಿದ್ಧ ಕಾಯಿ ಇರುಳುಸವಾರ: ಕುದುರೆಯ ಜಿಗಿತವನ್ನು ಅದೇ ದಿಕ್ಕಿನಲ್ಲಿ ಮತ್ತೆ ಮತ್ತೆ ಮುಂದುವರಿಸಬಹುದು, ಇಳಿಯುವ ಮನೆಗಳು ಖಾಲಿ ಇರುವವರೆಗೆ. ಚೆಂದದ ಕಾಯಿ. ಆದರೆ ಅದನ್ನು ಮಂತ್ರಿಯ ಕಡೆಯ ಕುದುರೆಯ ಮನೆಯಲ್ಲಿ ನಿಲ್ಲಿಸಿ ಮೂರು ಜಿಗಿತ ಎಣಿಸಿ. ಸೀದಾ ಎದುರಾಳಿ ರಾಜನ ಮುಂದಿನ ಕಾಲಾಳುವಿನ ಮೇಲೆ ಬೀಳುತ್ತದೆ! ಇನ್ನೊಂದು ಕಡೆಯದು ಮಂತ್ರಿಯ ಮುಂದಿನ ಕಾಲಾಳುವಿನ ಮೇಲೆ. ಬಿಳಿಯವರು ಒಂದೂ ನಡೆ ಆಡುವ ಮೊದಲೇ ಬೆದರಿಕೆ ಹುಟ್ಟಿರುತ್ತದೆ. ಅಂಥ ಕಾಯಿಗೆ ದೊಡ್ಡ ಹಲಗೆ ಬೇಕು, ಇಲ್ಲವೇ ಬೇರೆ ಜಾಗ ಬೇಕು.

ಪರೀಕ್ಷೆಯ ಆಟಗಳಲ್ಲಿ ಒಂದು ಸಲಕ್ಕೆ ಒಂದೇ ಬಗೆಯ ಹೊಸ ಕಾಯಿ ಇಡಿ; ರೈಲನ್ನೂ ಸೊಂಡಿಲಾನೆಯನ್ನೂ ಒಟ್ಟಿಗೆ ಇಡುವುದು ಎರಡನ್ನೂ ಬೇರೆ ಬೇರೆಯಾಗಿ ಆಡಿ ನೋಡಿದ ಮೇಲೆ. ಮೂರು ಬಗೆ ಒಟ್ಟಿಗೆ ಇಟ್ಟರೆ ಆಟ ಕೆಟ್ಟಾಗ ಯಾವುದರಿಂದ ಕೆಟ್ಟಿತೆಂದು ಹೇಳಲಾಗದು. ಬೆಲೆ ಗೊತ್ತುಮಾಡಬೇಕೆಂದರೆ ಒಂದು ಪಕ್ಷಕ್ಕೆ ಹೊಸ ಕಾಯಿ, ಇನ್ನೊಂದಕ್ಕೆ ಹಳೆಯ ಕಾಯಿ ಕೊಟ್ಟು, ಪಕ್ಷ ಬದಲಿಸುತ್ತ ಆಡಿ. ಅಮೆರಿಕದ ರಾಲ್ಫ್ ಬೆಟ್ಜ಼ ಎರಡು ಪಕ್ಷಗಳಿಗೂ ಬೇರೆ ಬೇರೆ ಸೈನ್ಯ ಕೊಟ್ಟು ಸಮತೂಕ ಹುಡುಕುವ ಆಟವನ್ನೇ ಕಟ್ಟಿದ. ಕಾಲಾಳು ಕೊನೆಯ ಸಾಲು ಮುಟ್ಟಿದಾಗ ಹೊಸ ಕಾಯಿಯಾಗಿ ಬಡ್ತಿ ಪಡೆಯಬಹುದೇ ಎಂಬುದನ್ನು ಆಟಕ್ಕೆ ಮೊದಲೇ ಬರೆದಿಡಿ. ಜಗಳ ಹುಟ್ಟುವುದು ಯಾವಾಗಲೂ ಅಲ್ಲೇ. ಗಣಕಯಂತ್ರ ಬಳಸುವವರಿಗೆ ಫೇರಿ-ಸ್ಟಾಕ್‌ಫಿಶ್ ಎಂಬ ಉಚಿತ ತಂತ್ರಾಂಶವಿದೆ. ಹೊಸ ಕಾಯಿಯ ನಡೆಯನ್ನು ಅದಕ್ಕೆ ಬರೆದುಕೊಟ್ಟರೆ ತಾನೇ ತನ್ನೊಂದಿಗೆ ಆಡಿ ತೋರಿಸುತ್ತದೆ. ಆದರೂ ಮೊದಲ ಆಟಗಳನ್ನು ಮನುಷ್ಯರ ಜೊತೆಗೇ ಆಡಿ. ಎದುರಿಗೆ ಕೂತವರು ಎಲ್ಲಿ ಮುಖ ಅರಳಿಸಿದರು, ಎಲ್ಲಿ ಆಕಳಿಸಿದರು ಎಂಬುದು ಯಂತ್ರಕ್ಕೆ ಕಾಣುವುದಿಲ್ಲ.

ಹಲಗೆಗೆ ಹತ್ತಿದ ಹುಲಿ

ಇದುವರೆಗಿನ ಕಾಯಿಗಳೆಲ್ಲ ಎದುರಾಳಿಯ ಮನೆಗೆ ಹೋಗಿ ಕುಳಿತು ಹೊಡೆಯುವಂಥವು. ಹೊಡೆಯುವ ಬಗೆಯನ್ನೇ ಬದಲಿಸಿದರೆ? ಅಮೆರಿಕದ ರಾಬರ್ಟ್ ಅಬಟ್ 1962ರಲ್ಲಿ ‘ಅಲ್ಟಿಮ’ ಎಂಬ ಆಟದಲ್ಲಿ ಅದನ್ನೇ ಮಾಡಿದ. ಅಲ್ಲಿ ಹೆಚ್ಚಿನ ಕಾಯಿಗಳು ಮಂತ್ರಿಯಂತೆ ನಡೆಯುತ್ತವೆ, ಹೊಡೆಯುವ ರೀತಿ ಮಾತ್ರ ಒಂದೊಂದಕ್ಕೆ ಒಂದೊಂದು. ನಮಗೆ ಅಷ್ಟು ದೂರ ಹೋಗಬೇಕಾಗಿಲ್ಲ. ಕರ್ನಾಟಕ, ತಮಿಳುನಾಡುಗಳ ಹಳೆಯ ಗುಡಿಗಳ ಮಂಟಪದ ಕಲ್ಲುಚಪ್ಪಡಿಗಳ ಮೇಲೆ ಆಡು-ಹುಲಿ ಆಟದ ಗೆರೆಗಳು ಕೊರೆದಿರುವುದನ್ನು ನೋಡಿರುತ್ತೀರಿ. ಮೂರು ಹುಲಿ, ಹದಿನೈದು ಆಡು. ಹುಲಿ ಪಕ್ಕದ ಆಡನ್ನು ಹಾರಿ ಆಚೆಯ ಖಾಲಿ ಜಾಗದಲ್ಲಿ ಇಳಿದರೆ ಆಡು ಸತ್ತಂತೆ. ಆ ಹುಲಿಯನ್ನೇ ಚದುರಂಗಕ್ಕೆ ಕರೆತರೋಣ.

ನಿಯಮ: ಹುಲಿ ರಾಜನಂತೆ ಎಂಟು ದಿಕ್ಕಿಗೂ ಒಂದು ಮನೆ ನಡೆಯುತ್ತದೆ, ಪಕ್ಕದ ಎದುರಾಳಿ ಕಾಯಿಯನ್ನು ಹಾರಿ, ಅದರ ಹಿಂದಿನ ಖಾಲಿ ಮನೆಯಲ್ಲಿ ಇಳಿದು ಹೊಡೆಯುತ್ತದೆ. ತನ್ನ ಕಾಯಿಗಳನ್ನು ಹಾರುವಂತಿಲ್ಲ.

ಲೆಕ್ಕ ಹಾಕಿದಾಗ ನನಗೆ ನಿಜಕ್ಕೂ ಖುಷಿಯಾಯಿತು. ಹುಲಿ ಹೊಡೆಯಬಲ್ಲ ದಿಕ್ಕುಗಳ ಸರಾಸರಿ, ನೇರಕ್ಕೆ 3, ಓರೆಗೆ 2.25, ಕೂಡಿದರೆ 5.25. ಕುದುರೆಯದೂ 5.25. ಕುದುರೆಗಳನ್ನು ತೆಗೆದರೆ ಯಾವ ಕಾಲಾಳುವೂ ಕಾವಲಿಲ್ಲದೆ ಉಳಿಯುವುದಿಲ್ಲ ಎಂಬುದೂ ಸರಿಹೊಂದುತ್ತದೆ. ಹಾಗಾಗಿ ಹುಲಿಯ ಜಾಗ ಕುದುರೆಯ ಮನೆ.

ಆಡತೊಡಗಿದರೆ ಹಲಗೆಯ ಅಂಚುಗಳ ಅರ್ಥವೇ ಬದಲಾಗುತ್ತದೆ. ಸಾಮಾನ್ಯ ಚದುರಂಗದಲ್ಲಿ ಮೂಲೆಗೆ ಸಿಕ್ಕ ರಾಜ ಸಾಯುವ ರಾಜ. ಹುಲಿಯ ಮಟ್ಟಿಗೆ ಮೂಲೆಯ ರಾಜ ಪೂರ್ತಿ ಸುರಕ್ಷಿತ, ಏಕೆಂದರೆ ಯಾವ ಕಡೆಯಿಂದ ಹಾರಿದರೂ ಇಳಿಯಲು ಮನೆಯಿಲ್ಲ. ಅಂಚಿನಲ್ಲಿರುವ ರಾಜನನ್ನು ಅಂಚಿನ ಉದ್ದಕ್ಕೆ, ಎರಡು ದಿಕ್ಕಿನಿಂದ ಮಾತ್ರ ಹುಲಿ ಬೆದರಿಸಬಲ್ಲುದು. ಬಯಲಿನಲ್ಲಿ ನಿಂತ ರಾಜನಿಗೆ ಎಂಟೂ ಕಡೆ ಭಯ. ಚೆಕ್‌ನಿಂದ ಪಾರಾಗಲು ಒಂದು ಹೊಸ ಉಪಾಯವೂ ಹುಟ್ಟುತ್ತದೆ: ಹುಲಿಗೂ ರಾಜನಿಗೂ ನಡುವೆ ಯಾರೂ ಬರಲು ಜಾಗವಿಲ್ಲ, ಆದರೆ ರಾಜನ ಬೆನ್ನ ಹಿಂದಿನ ಮನೆಗೆ ಒಂದು ಕಾಲಾಳು ಬಂದು ನಿಂತರೆ ಸಾಕು, ಚೆಕ್ ಹೋಯಿತು. ಆಡು-ಹುಲಿಯಲ್ಲಿ ಆಡುಗಳನ್ನು ಜೋಡಿಜೋಡಿಯಾಗಿ ಒಂದರ ಹಿಂದೆ ಒಂದು ನಿಲ್ಲಿಸುವ ಜಾಣತನವೇ ಇದು. ಒಂದರ ಹಿಂದೆ ಒಂದು ನಿಂತ ಕಾಲಾಳುಗಳನ್ನು ಚದುರಂಗದ ಪಾಠಗಳು ದೌರ್ಬಲ್ಯ ಎನ್ನುತ್ತವೆ. ಎದುರಿಗೆ ಹುಲಿ ಇದ್ದಾಗ ಅದೇ ಕೋಟೆ.

ಹುಲಿ ರಾಜನ ಪಕ್ಕಕ್ಕೇ ಬಂದು ಚೆಕ್ ಕೊಡಬೇಕಾದ್ದರಿಂದ ಅದಕ್ಕೆ ಇನ್ನೊಂದು ಕಾಯಿಯ ಬೆಂಬಲ ಬೇಕೇ ಬೇಕು, ಇಲ್ಲದಿದ್ದರೆ ರಾಜನೇ ಹುಲಿಯನ್ನು ಹೊಡೆದುಬಿಡುತ್ತಾನೆ. ಒಂಟಿ ಹುಲಿ ಏನೂ ಸಾಧಿಸದು. ಒಂಟೆಯ ಓರೆಸಾಲಿನ ಮೇಲೆ ಹುಲಿಯನ್ನು ನಡೆಸಿಕೊಂಡು ಹೋಗುವುದನ್ನು ಕಲಿತವರು ಗೆಲ್ಲುತ್ತಾರೆ.

ಒಂದು ತೊಂದರೆಯಿದೆ. ಕುದುರೆ ಕಾಲಾಳುಗಳನ್ನು ಹಾರಿ ಮೊದಲ ನಡೆಯಲ್ಲೇ ಹೊರಬರುತ್ತದೆ, ಹುಲಿ ತನ್ನವರನ್ನು ಹಾರುವಂತಿಲ್ಲವಾದ್ದರಿಂದ ಯಾವುದಾದರೂ ಕಾಲಾಳು ದಾರಿ ಬಿಡುವವರೆಗೆ ಕಾಯಬೇಕು. ಆಟದ ಮೊದಲ ಭಾಗ ಇದರಿಂದ ಎಳೆದಂತಾಗುತ್ತದೆ. ಎರಡು ಪರಿಹಾರ ತೋರುತ್ತವೆ. ತನ್ನ ಕಾಯಿಯನ್ನೂ ಹಾರಬಹುದು, ಆದರೆ ಅದು ಸಾಯುವುದಿಲ್ಲ ಎನ್ನಬಹುದು. ಆಗ ಹುಲಿ ಕುದುರೆಯಷ್ಟೇ ಬೇಗ ಮೂರನೆಯ ಸಾಲಿಗೆ ಬರುತ್ತದೆ. ಇಲ್ಲವೇ ನಿಯಮವನ್ನು ಹಾಗೇ ಇಟ್ಟು, ಒಂದು ಕಾಯಿಯನ್ನು ಹೊಡೆದು ಇಳಿದ ಮನೆಯಿಂದ ಇನ್ನೊಂದು ಸಿಕ್ಕರೆ ಅದನ್ನೂ ಅದೇ ನಡೆಯಲ್ಲಿ ಹಾರಬಹುದು ಎನ್ನಬಹುದು. ಮೊದಲನೆಯದು ಆಟವನ್ನು ಚುರುಕಾಗಿಸುತ್ತದೆ, ಎರಡನೆಯದು ಬಿಡಿಬಿಡಿಯಾಗಿ ನಿಂತ ಸೈನ್ಯವನ್ನು ಒಂದೇ ಏಟಿಗೆ ಸೀಳುತ್ತದೆ. ನನ್ನ ಒಲವು ಮೊದಲನೆಯದರ ಕಡೆಗೆ. ಎರಡೂ ನಿಯಮಗಳನ್ನು ಒಟ್ಟಿಗೆ ಕೊಡಬೇಡಿ. ಬೇರೆ ಬೇರೆಯಾಗಿ ಕೆಲವು ಆಟ ಆಡಿ, ಗೆದ್ದವರು ಯಾರು ಎಂಬುದಕ್ಕಿಂತ ಹುಲಿ ಎಷ್ಟನೆಯ ನಡೆಗೆ ಮನೆ ಬಿಟ್ಟಿತು, ಎಷ್ಟು ಕಾಯಿಗಳನ್ನು ಹೊಡೆಯಿತು, ಕೊನೆಯವರೆಗೆ ಉಳಿಯಿತೇ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಆಮೇಲೆ ಯಾವುದನ್ನು ಉಳಿಸಿಕೊಳ್ಳಬೇಕೆಂದು ತೀರ್ಮಾನಿಸಿ.